ಗಜನಿಯ ಜಂತ್ರದಲ್ಲಿ ಉಬ್ಬರದ ನೀರಿನಿಂದ ಕರೆಂಟು: ಆರು ತಿಂಗಳ ಕೆಲಸದ ದಾಖಲೆ

ಜನವರಿ ಕೊನೆಯಿಂದ ಮೇ ಮೂರನೇ ವಾರದವರೆಗೆ ಮಾವನ ಗಜನಿ ಕಾವಲಿನ ಗುಡಿಸಲಿನಲ್ಲಿ ಎರಡು ಎಲ್‌ಇಡಿ ದೀಪ ಉರಿದವು. ಒಂದೊಂದು 5 ವಾಟ್. ಆ ಕರೆಂಟು ಪೂರ್ತಿ ಅಘನಾಶಿನಿ ಹಿನ್ನೀರಿನ ಉಬ್ಬರ ಇಳಿತದಿಂದ ಬಂದಿದ್ದು. ಖರ್ಚಾಗಿದ್ದು 22,500 ರೂಪಾಯಿ. ಅಷ್ಟು ದುಡ್ಡಿಗೆ ಸೋಲಾರ್ ಪ್ಯಾನಲ್ ಹಾಕಿದ್ದರೆ ಇದರ ಹತ್ತು ಪಟ್ಟು ಕರೆಂಟು ಸಿಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಮಾಡಿದೆ. ಹುಟ್ಟಿದಾಗಿನಿಂದ ಆ ನೀರು ದಿನಕ್ಕೆ ಎರಡು ಸಲ ಒಳಗೆ ಬಂದು ಎರಡು ಸಲ ಹೊರಗೆ ಹೋಗುವುದನ್ನು ನೋಡಿದ್ದೇನೆ. ಅದರಿಂದ ಒಂದು ದೀಪ ಉರಿಸಬೇಕು ಎಂಬ ಆಸೆ ಬಹಳ ಹಳೆಯದು.

ನಾನು ಕುಮಟಾ ಕಡೆಯವನು, ಮೋಟಾರ್ ವೈಂಡಿಂಗ್ ಕೆಲಸ. ಕರಾವಳಿಯ ಆಚೆಯವರಿಗಾಗಿ ಎರಡು ಮಾತು. ಗಜನಿ ಅಂದರೆ ಹಿನ್ನೀರಿನ ಪಕ್ಕದ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಗಜನಿಗೂ ಹೊಳೆಗೂ ನಡುವೆ ಮಣ್ಣಿನ ಒಡ್ಡು. ಒಡ್ಡಿನಲ್ಲಿ ಹಲಗೆ ಹಾಕಿ ತೆಗೆಯುವ ಬಾಗಿಲು ಇರುತ್ತದೆ, ಅದೇ ಜಂತ್ರ. ಉಬ್ಬರದ ನೀರನ್ನು ನಮ್ಮಲ್ಲಿ ಭರತ ಅನ್ನುತ್ತಾರೆ. ಇಡೀ ಗಜನಿಯ ನೀರು ಆ ಒಂದು ಬಾಗಿಲಲ್ಲೇ ಹೋಗಿ ಬರಬೇಕು. ಹೊಳೆಯಲ್ಲಿ ನಿಧಾನ ಇರುವ ನೀರು ಅಲ್ಲಿ ಮಾತ್ರ ಜೋರಾಗಿ ನುಗ್ಗುತ್ತದೆ. ನನಗೆ ಬೇಕಾಗಿದ್ದು ಆ ಜಾಗ.

ಸಮುದ್ರದ ಅಲೆಯಿಂದ ಯಾಕೆ ಮಾಡಲಿಲ್ಲ ಅಂತ ಹಲವರು ಕೇಳಿದ್ದಾರೆ. ಡಿಪ್ಲೊಮಾ ಓದುವಾಗ ಕೇರಳದ ವಿಳಿಂಜಂ ವಿಷಯ ಕೇಳಿದ್ದೆ. ಐಐಟಿ ಮದ್ರಾಸ್‌ನವರು 1991ರಲ್ಲಿ ಅಲ್ಲಿ ಅಲೆಯಿಂದ ಕರೆಂಟು ಮಾಡಿದ್ದರು, 150 ಕಿಲೋವಾಟ್ ಸಾಮರ್ಥ್ಯ. ಕಾಂಕ್ರೀಟ್ ಪೆಟ್ಟಿಗೆಯೊಳಗೆ ಅಲೆ ಏರಿದಾಗ ಗಾಳಿ ಮೇಲೆ ನುಗ್ಗುತ್ತದೆ, ಇಳಿದಾಗ ಒಳಗೆ ಎಳೆದುಕೊಳ್ಳುತ್ತದೆ. ಗಾಳಿ ಯಾವ ಕಡೆ ಹೋದರೂ ಅದರೊಳಗಿನ ಚಕ್ರ, ವೆಲ್ಸ್ ಟರ್ಬೈನ್ ಅನ್ನುತ್ತಾರೆ, ಒಂದೇ ಕಡೆ ತಿರುಗುತ್ತದೆ. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ಆದರೆ ಅಲೆಯ ಹೊಡೆತ ತಡೆಯಲು ಅಂಥ ಕಾಂಕ್ರೀಟ್ ಬೇಕು. ನಮ್ಮ ಕಡಲಿನ ಜೂನ್ ತಿಂಗಳ ಅಲೆಗೆ ಡ್ರಮ್ಮು, ಆಂಗಲ್ಲು ಒಂದು ದಿನವೂ ನಿಲ್ಲುವುದಿಲ್ಲ. ಜಂತ್ರ ಆದರೆ ಒಡ್ಡಿನ ಮರೆಯಲ್ಲಿದೆ. ಅಲೆ ಇಲ್ಲ, ಬರೀ ಹರಿವು.

1. ಅಳತೆ: 2024 ನವೆಂಬರ್ 16 ಮತ್ತು 23

15ಕ್ಕೆ ಹುಣ್ಣಿಮೆ. ಮರುದಿನ ನೀರು ಜೋರು. ಜಂತ್ರದ ಅಗಲ ನಾಲ್ಕೂವರೆ ಅಡಿ, 137 ಸೆಂ.ಮೀ. ಒಡ್ಡಿನ ಆಚೆ ಈಚೆ ಎರಡು ಬಿದಿರು ನೆಟ್ಟು ಬಣ್ಣದಲ್ಲಿ ಗೆರೆ ಎಳೆದೆ. ಹೊಳೆಯ ನೀರಿಗೂ ಗಜನಿಯ ನೀರಿಗೂ ಇದ್ದ ಎತ್ತರದ ವ್ಯತ್ಯಾಸ ಹೆಚ್ಚೆಂದರೆ 12 ಸೆಂ.ಮೀ. ಒಂದು ಗೇಣೂ ಇಲ್ಲ. ನಮ್ಮ ಕರಾವಳಿಯಲ್ಲಿ ದೊಡ್ಡ ಭರತ ಅಂದರೂ ಒಂದೂವರೆ ಮೀಟರ್ ಆಸುಪಾಸು ಅಷ್ಟೆ. ಗುಜರಾತಿನ ಭಾವನಗರದ ಕಡೆ ಅದು ಹತ್ತು ಮೀಟರ್ ಮುಟ್ಟುತ್ತದೆ. ಫ್ರಾನ್ಸಿನ ರಾನ್ಸ್ ನದಿಯ ಬಾಯಲ್ಲಿ 1966ರಿಂದ 240 ಮೆಗಾವಾಟ್ ಸ್ಥಾವರ ನಡೆಯುತ್ತಿರುವುದೂ ಅಂಥ ಭಾರೀ ಉಬ್ಬರದ ಮೇಲೆ. ನಮ್ಮದು ಎತ್ತರದಿಂದ ಬೀಳುವ ನೀರಲ್ಲ. ಹರಿಯುವ ವೇಗವನ್ನೇ ಹಿಡಿಯಬೇಕು.

ವೇಗ ನೋಡಲು ತೆಂಗಿನ ಸಿಪ್ಪೆಯ ತುಂಡು ಬಿಟ್ಟು ಮೊಬೈಲ್‌ನಲ್ಲಿ ಸಮಯ ಹಿಡಿದೆ. 3 ಮೀಟರ್ ದಾಟಲು 2.1 ಸೆಕೆಂಡ್. ಹತ್ತು ಸಲ ಮಾಡಿ ಸರಾಸರಿ ತೆಗೆದಾಗ ಸೆಕೆಂಡಿಗೆ 1.4 ಮೀಟರ್ ಬಂತು. 23ಕ್ಕೆ, ಅಷ್ಟಮಿಯ ಹೊತ್ತಿಗೆ, ಮತ್ತೆ ಹೋದೆ. ಅದೇ ಜಾಗದಲ್ಲಿ 0.7. ಮಾವ ಹೇಳಿದ್ದು ಸರಿ: "ಅಷ್ಟಮಿ ನೀರಿಗೆ ಜೀವ ಇಲ್ಲ ತಮಾ."

ಮೊದಲ ತಪ್ಪು ಇಲ್ಲೇ ಆಯಿತು. ನಾನು ಅಳೆದಿದ್ದು ಮೇಲಿನ ಪದರದ ನೀರಿನ ವೇಗ. ಕೆಳಗೆ, ಗೋಡೆಯ ಪಕ್ಕ, ನೀರು ನಿಧಾನ. ಆಮೇಲೆ ಅರ್ಧ ನೀರು ತುಂಬಿಸಿದ ಬಾಟಲಿಗೆ ಕಲ್ಲು ಕಟ್ಟಿ ಮುಳುಗಿಸಿ ನೋಡಿದಾಗ ಸರಾಸರಿ 1.2 ಅಷ್ಟೇ. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಹರಿವಿನ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇರುತ್ತದೆ. 1.4ರ ಲೆಕ್ಕದಲ್ಲಿ ಬರೆದುಕೊಂಡಿದ್ದ ವಾಟ್‌ನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅಲ್ಲೇ ಹೋಯಿತು.

2. ಮೊದಲ ಚಕ್ರ: ಡಿಸೆಂಬರ್ 1ರಿಂದ 14

ನೀರು ಎರಡೂ ದಿಕ್ಕಿಗೆ ಹರಿಯುತ್ತದೆ. ಅದಕ್ಕೆ ಸವೋನಿಯಸ್ ಮಾದರಿ ಆರಿಸಿದೆ. ಫಿನ್ಲೆಂಡಿನ ಸಿಗುರ್ಡ್ ಸವೋನಿಯಸ್ 1920ರ ದಶಕದಲ್ಲಿ ಗಾಳಿಗಾಗಿ ಮಾಡಿದ್ದು. ಒಂದು ಡ್ರಮ್ಮನ್ನು ಉದ್ದಕ್ಕೆ ಸೀಳಿ, ಎರಡು ಅರ್ಧಗಳನ್ನು ಎದುರುಬದುರಾಗಿ ಸ್ವಲ್ಪ ಸರಿಸಿ, ನಡುವೆ ನಿಂತ ಶಾಫ್ಟಿಗೆ ಕೂರಿಸುವುದು. ಹರಿವು ಎಲ್ಲಿಂದ ಬಂದರೂ ಒಂದೇ ಕಡೆ ತಿರುಗುತ್ತದೆ. ಅಂಚಿನ ವೇಗ ನೀರಿನ ವೇಗಕ್ಕಿಂತ ಕಡಿಮೆ, ಹಾಗಾಗಿ ಮೀನು ಸಿಗಡಿಗೆ ಪೆಟ್ಟಾಗುವುದಿಲ್ಲ. ಗಜನಿಯವರು ಕೇಳಿದ ಮೊದಲ ಪ್ರಶ್ನೆಯೇ ಅದು.

ಸಾಮಾನು ಹೀಗಿತ್ತು. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, ಹಳೆಯದು, 850 ರೂಪಾಯಿ. ಡ್ರಮ್ಮಿನ ಅಡ್ಡಳತೆ 58 ಸೆಂ.ಮೀ., ಎತ್ತರ 88. ಜಿಗ್ ಸಾ ಬ್ಲೇಡಿನಲ್ಲಿ ಸೀಳಿದೆ. ಗ್ರೈಂಡರ್ ಹಾಕಬೇಡಿ, ಪ್ಲಾಸ್ಟಿಕ್ ಕರಗಿ ಡಿಸ್ಕಿಗೆ ಹಿಡಿಯುತ್ತದೆ. ನಡುವೆ 10 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಇಟ್ಟಾಗ ಚಕ್ರದ ಅಡ್ಡಳತೆ 106 ಸೆಂ.ಮೀ. ಆಯಿತು. ಮೇಲೆ ಕೆಳಗೆ 12 ಎಂಎಂ ಮರೈನ್ ಪ್ಲೈವುಡ್‌ನ ಗುಂಡು ಹಲಗೆ, ದೋಣಿಗೆ ಹೊಡೆಯುವ ಎಪಾಕ್ಸಿ ಬಣ್ಣ ಎರಡು ಕೋಟ್. ಶಾಫ್ಟ್ 25 ಎಂಎಂ ಸ್ಟೇನ್‌ಲೆಸ್ 304, ಉದ್ದ 1.6 ಮೀಟರ್. ಮೇಲೆ ಕೆಳಗೆ ಒಂದೊಂದು ಬಾಲ್ ಬೇರಿಂಗ್ ಬ್ಲಾಕ್. ಚೌಕಟ್ಟು ಕಬ್ಬಿಣದ ಆಂಗಲ್, ವೆಲ್ಡಿಂಗ್ ಸೇರಿ 4,200.

ಡ್ರಮ್ಮಿನ ತೂತುಗಳಿಗೆ ಬರೀ ಬೋಲ್ಟ್ ಹಾಕಿ ಬಿಗಿದೆ, ಅಗಲ ವಾಷರ್ ಹಾಕಲಿಲ್ಲ. ಇದು ಎರಡನೇ ತಪ್ಪು. ಅದರ ಫಲ ಮುಂದೆ ಬರುತ್ತದೆ.

3. ನೀರಿಗೆ ಇಳಿಸಿದ್ದು: ಡಿಸೆಂಬರ್ 15, ಹುಣ್ಣಿಮೆ

ನಾಲ್ಕು ಜನ ಸೇರಿ ಜಂತ್ರದ ನಡುವೆ ಕೂರಿಸಿದೆವು. ಭರತ ಏರಲು ಶುರುವಾಗಿ ಮುಕ್ಕಾಲು ಗಂಟೆಗೆ ಚಕ್ರ ತಾನಾಗಿಯೇ ಹೊರಳಿತು. ನಿಮಿಷಕ್ಕೆ 17 ಸುತ್ತು. ಆ ಹೊತ್ತು ನನಗಾದ ಸಂತೋಷ ಹೇಳಿ ಮುಗಿಯುವುದಿಲ್ಲ. ಇನ್ನೂ ಜನರೇಟರ್ ಇರಲಿಲ್ಲ, ಬರೀ ಚಕ್ರ.

ಸಂತೋಷ ಮೂರು ಭರತ ನಿಂತಿತು. ಮರುದಿನ ಸಂಜೆ ಮಾವನ ಫೋನು: "ತಮಾ, ನೀರು ಒಳಗೆ ಬರ್ತೇ ಇಲ್ಲ. ಎಲ್ರೂ ಕೇಳ್ತಿದ್ರು." ಹೋಗಿ ಬಿದಿರಿನ ಗೆರೆ ನೋಡಿದೆ. ಒಳಗೂ ಹೊರಗೂ ವ್ಯತ್ಯಾಸ 12ರಿಂದ 30 ಸೆಂ.ಮೀ.ಗೆ ಏರಿತ್ತು. ಗಜನಿಯ ಒಳಗಿನ ನೀರು ಎಂದಿನ ಗುರುತಿಗಿಂತ 18 ಸೆಂ.ಮೀ. ಕೆಳಗಿತ್ತು. 137 ಸೆಂ.ಮೀ. ಬಾಗಿಲಿಗೆ 106 ಸೆಂ.ಮೀ. ಚಕ್ರ ಇಟ್ಟರೆ ಅದು ಹಲಗೆ ಹಾಕಿದ ಹಾಗೇ ಆಗುತ್ತದೆ. ನೀರಿನ ಜೊತೆಗೇ ಸಿಗಡಿ ಮರಿ ಒಳಗೆ ಬರುವುದು. ಆ ನೀರು ಹತ್ತಾರು ಮನೆಗಳ ದುಡಿಮೆ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ರಾತ್ರಿಯೇ ಚಕ್ರ ಎತ್ತಿದೆವು. ಗಜನಿ ಪಾಲುದಾರರ ಎದುರು ಕೂತು ತಪ್ಪಾಯಿತು ಎಂದು ಹೇಳಿದೆ. ಒಳಗೂ ಹೊರಗೂ ವ್ಯತ್ಯಾಸ 18 ಸೆಂ.ಮೀ. ದಾಟಬಾರದು, ಇಳಿತಕ್ಕೆ ಬಲೆ ಕಟ್ಟುವ ರಾತ್ರಿ ಚಕ್ರ ಮೇಲೆ ಇರಬೇಕು ಎಂಬ ಎರಡು ಮಾತಿಗೆ ಒಪ್ಪಿ ಮತ್ತೆ ಅನುಮತಿ ಪಡೆದೆ.

ಇನ್ನೊಂದು ತೊಂದರೆಯೂ ಅದೇ ಎರಡು ದಿನದಲ್ಲಿ ಕಂಡಿತು. ಭರತ ಮುಗಿದು ಇಳಿತ ಶುರುವಾಗುವ ಮೊದಲು ನೀರು ನಿಲ್ಲುತ್ತದೆ. ದಿನಕ್ಕೆ ನಾಲ್ಕು ಸಲ. ಎರಡು ಅರ್ಧ ಡ್ರಮ್ಮಿನ ಚಕ್ರ ಒಂದು ಕೋನದಲ್ಲಿ ನಿಂತುಬಿಟ್ಟರೆ ಮತ್ತೆ ತಾನಾಗಿ ಹೊರಡುವುದಿಲ್ಲ. 16ರ ಬೆಳಗಿನ ಜಾವ ಬಿದಿರು ಕೋಲಿನಿಂದ ನೂಕಿ ಹೊರಡಿಸಿದ್ದೇನೆ. ಗಾಳಿಗೆ ಇದು ದೊಡ್ಡ ವಿಷಯ ಅಲ್ಲ, ಗಾಳಿ ದಿಕ್ಕು ಬದಲಿಸುತ್ತಲೇ ಇರುತ್ತದೆ. ಜಂತ್ರದಲ್ಲಿ ಹರಿವಿಗೆ ಎರಡೇ ದಿಕ್ಕು.

4. ಜಾಗ ಬದಲಿಸಿ ನೋಡಿದ್ದು: ಡಿಸೆಂಬರ್ 31

ಬಾಗಿಲು ಬಿಟ್ಟು ಒಳಗಿನ ಕಾಲುವೆಯಲ್ಲಿ ಇಟ್ಟರೆ ಯಾರಿಗೂ ತೊಂದರೆ ಇಲ್ಲ ಅಂತ ಅಲ್ಲಿ ಇಳಿಸಿದೆ. ಕಾಲುವೆ 3 ಮೀಟರ್ ಅಗಲ. ಅಮಾವಾಸ್ಯೆಯ ಮರುದಿನವೂ ವೇಗ 0.6. ಬಾಗಿಲಿನ ಅರ್ಧ ವೇಗ, ಅಂದರೆ ಎಂಟನೇ ಒಂದು ಪಾಲು ಶಕ್ತಿ. ಚಕ್ರ ನಿಮಿಷಕ್ಕೆ 5 ಸುತ್ತು ತಿರುಗಿತು, ಕೈಯಲ್ಲಿ ಹಿಡಿದರೆ ನಿಂತಿತು. ಆ ಒಂದೇ ದಿನ ಸಾಕಾಯಿತು.

5. ಜನರೇಟರ್: ಡಿಸೆಂಬರ್ ಕೊನೆಯಿಂದ ಜನವರಿ 20

ಗುಜರಿಯಲ್ಲಿ ಕಾರಿನ ಆಲ್ಟರ್ನೇಟರ್ 900 ರೂಪಾಯಿಗೆ ತಂದಿದ್ದೆ. ಅದು ಸರಿಯಾಗಿ ಚಾರ್ಜ್ ಮಾಡಲು ನಿಮಿಷಕ್ಕೆ ಸಾವಿರಕ್ಕಿಂತ ಮೇಲೆ ಸುತ್ತಬೇಕು. ನನ್ನ ಚಕ್ರ 15 ಸುತ್ತು. ಎಪ್ಪತ್ತು ಪಟ್ಟು ಏರಿಸಲು ಗೇರ್ ಹಾಕಿದರೆ ಗೇರಿನ ಘರ್ಷಣೆಗೇ ಎಲ್ಲ ಶಕ್ತಿ ಹೋಗುತ್ತದೆ. ಅದನ್ನು ಮೂಲೆಗಿಟ್ಟೆ.

ಆಮೇಲೆ ಎಲೆಕ್ಟ್ರಿಕ್ ಸೈಕಲ್ಲಿನ ಗಾಲಿಯ ನಡುವೆ ಕೂರುವ ಹಬ್ ಮೋಟಾರ್, 36 ವೋಲ್ಟ್ 250 ವಾಟ್, ಹಳೆಯದು 2,600ಕ್ಕೆ ಸಿಕ್ಕಿತು. ಇದನ್ನು ಕೊಳ್ಳುವವರು ಮುಂದಿನ ಮಾತನ್ನು ದಯವಿಟ್ಟು ಗಮನಿಸಿ. ಹಬ್ ಮೋಟಾರಿನಲ್ಲಿ ಎರಡು ಜಾತಿ. ಒಂದರಲ್ಲಿ ಗೇರ್ ಇಲ್ಲ, ಯಾವ ಕಡೆ ತಿರುಗಿಸಿದರೂ ಕರೆಂಟು ಬರುತ್ತದೆ. ಇನ್ನೊಂದರೊಳಗೆ ನೈಲಾನ್ ಗೇರು, ಜೊತೆಗೆ ಒಂದೇ ಕಡೆ ಹಿಡಿಯುವ ಕ್ಲಚ್ಚು. ನಾನು ತಂದಿದ್ದು ಗೇರಿನದು. ತಿರುಗಿಸಿದೆ, ಮೀಟರ್ ಸೊನ್ನೆ. ವೈಂಡಿಂಗ್ ಸುಟ್ಟಿದೆ ಅಂದುಕೊಂಡು ಬಿಚ್ಚಿದೆ. ಇಪ್ಪತ್ತೈದು ವರ್ಷ ವೈಂಡಿಂಗ್ ಮಾಡಿದ ಕೈ, ಒಳಗೆ ಎಲ್ಲ ಸರಿ ಇತ್ತು. ಸೈಕಲ್ ಮುಂದೆ ಹೋಗುವ ದಿಕ್ಕಿಗೆ ಹೊರಗಿನ ಡಬ್ಬಿ ತಿರುಗಿಸಿದರೆ ಕ್ಲಚ್ ಬಿಟ್ಟುಕೊಡುತ್ತದೆ. ಇಳಿಜಾರಿನಲ್ಲಿ ಸೈಕಲ್ ಹಗುರವಾಗಿ ಉರುಳಲಿ ಅಂತ ಹಾಗೆ ಮಾಡಿರುತ್ತಾರೆ. ಹಿಂದಕ್ಕೆ ತಿರುಗಿಸಿದೆ. ಕ್ಲಚ್ ಹಿಡಿಯಿತು, ಕರೆಂಟು ಬಂತು.

ಆದರೆ ಹಿಂದಕ್ಕೆ ತಿರುಗಿಸಿದರೆ ಮೇಲೆ ಹಾಕಿದ್ದ ಸೈಕಲ್ ಫ್ರೀವೀಲ್, ಅಂದರೆ ಒಂದೇ ಕಡೆ ಹಿಡಿಯುವ ಹಲ್ಲುಗಾಲಿ, ಜಾರುತ್ತದೆ. ಮುಂದಕ್ಕೆ ಒಳಗಿನದು ಜಾರುತ್ತದೆ, ಹಿಂದಕ್ಕೆ ಹೊರಗಿನದು. ಫ್ರೀವೀಲಿನ ಒಳ ಹೊರ ಭಾಗಕ್ಕೆ ನಾಲ್ಕು ಕಡೆ ವೆಲ್ಡಿಂಗ್ ಚುಕ್ಕೆ ಹಾಕಿಸಿ ಗಟ್ಟಿ ಮಾಡಿದೆ. ಮೋಟಾರನ್ನು ತಲೆಕೆಳಗಾಗಿ ಕೂರಿಸಿದೆ. ಒಳಗಿನ ಗೇರು ಈಗ ನನ್ನ ಕೆಲಸಕ್ಕೇ ಬಂತು. ಡಬ್ಬಿ ಒಂದು ಸುತ್ತು ಬಂದರೆ ಒಳಗಿನ ಮೋಟಾರ್ ನಾಲ್ಕೈದು ಸುತ್ತು ಬರುತ್ತದೆ.

ಚಕ್ರದಿಂದ ಮೋಟಾರಿಗೆ ಎರಡು ಹಂತದ ಸೈಕಲ್ ಚೈನು. ಎರಡರಲ್ಲೂ 48 ಹಲ್ಲಿನಿಂದ 16 ಹಲ್ಲಿಗೆ. ಮೂರು ಮೂರಲ ಒಂಬತ್ತು ಪಟ್ಟು. ಸೈಕಲ್ಲಿನಲ್ಲಿ ಚೈನು ನಿಂತಿರುತ್ತದೆ, ಇಲ್ಲಿ ಶಾಫ್ಟೇ ನಿಂತಿರುವುದರಿಂದ ಚೈನು ಮಲಗಿ ಓಡಬೇಕು. ಮಲಗಿದ ಚೈನು ತನ್ನ ಭಾರಕ್ಕೆ ಜೋತು ಕೆಳಗೆ ಬೀಳುತ್ತದೆ. ಮೊದಲ ದಿನ ಏಳು ಸಲ ಬಿತ್ತು. ಶಾಫ್ಟುಗಳ ನಡುವಿನ ಅಂತರ 55 ಸೆಂ.ಮೀ.ಯಿಂದ 34ಕ್ಕೆ ಇಳಿಸಿದೆ. ಡ್ರಮ್ಮಿನ ಉಳಿದ ಪ್ಲಾಸ್ಟಿಕ್ ಪಟ್ಟಿಯನ್ನು ಚೈನಿನ ಕೆಳಗೆ ಆಧಾರವಾಗಿ ಇಟ್ಟೆ. ಒಂದು ಬಿಗಿ ಗಾಲಿ ಹಾಕಿದೆ. ಆಮೇಲೆ ಬೀಳಲಿಲ್ಲ.

6. ಎರಡನೇ ಚಕ್ರ: ಜನವರಿ 21ರಿಂದ 29

ಮೊದಲ ಡ್ರಮ್ಮಿನ ಬೋಲ್ಟ್ ತೂತುಗಳು ಸೀಳಿ ಉದ್ದ ಆಗಿದ್ದವು. ವಾಷರ್ ಹಾಕದ ಫಲ. ಹೊಸ ಡ್ರಮ್, ಮತ್ತೆ 850. ಈ ಸಲ ಎರಡು ಅಂತಸ್ತು. ಪ್ರತಿ ಅಂತಸ್ತು 30 ಸೆಂ.ಮೀ. ಎತ್ತರ, ಮೇಲಿನದು ಕೆಳಗಿನದಕ್ಕೆ 90 ಡಿಗ್ರಿ ತಿರುಗಿಸಿ ಕೂರಿಸಿದ್ದು. ಒಂದು ಅಂತಸ್ತು ಸುಮ್ನೆ ನಿಂತಾಗ ಇನ್ನೊಂದು ನೂಕುತ್ತದೆ. ಬೋಲ್ಟಿಗೆ 50 ಎಂಎಂ ಅಗಲದ ವಾಷರ್, ಎರಡೂ ಬದಿಗೆ. ಚೌಕಟ್ಟನ್ನು ಜಂತ್ರದ ಹಲಗೆ ಜಾರುವ ಕಚ್ಚಿನಲ್ಲೇ ಜಾರುವಂತೆ ಮಾಡಿದೆ. ಮೇಲೆ ಕಪ್ಪಿ, ಹಗ್ಗ. ಇಬ್ಬರು ಎಳೆದರೆ ಐದು ನಿಮಿಷದಲ್ಲಿ ಇಡೀ ಚಕ್ರ ಮೇಲೆ ಬರುತ್ತದೆ. ಕೆಳಗೆ 35 ಸೆಂ.ಮೀ. ಖಾಲಿ ಬಿಟ್ಟೆ, ನೀರೂ ಸಿಗಡಿಯೂ ಅಡಿಯಿಂದ ಹೋಗಲಿ ಅಂತ.

29ರ ಅಮಾವಾಸ್ಯೆಗೆ ಇಳಿಸಿದೆವು. ನೀರಿನ ವ್ಯತ್ಯಾಸ 17 ಸೆಂ.ಮೀ., ಮಾತಿನೊಳಗೇ ಉಳಿಯಿತು. ನೀರು ನಿಂತು ಮತ್ತೆ ಹೊರಟಾಗ ಚಕ್ರ ತಾನೇ ಹೊರಟಿತು. ನಾಲ್ಕು ಸಲವೂ ಕಾದು ನೋಡಿದೆ.

ಮೋಟಾರಿನ ಮೂರು ವಯರನ್ನು ಎಸಿ ಕರೆಂಟನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್‌ಗೆ, ಅಲ್ಲಿಂದ ಸೋಲಾರಿಗೆ ಬಳಸುವ ಸಣ್ಣ ಚಾರ್ಜ್ ಕಂಟ್ರೋಲರ್‌ಗೆ, ಅಲ್ಲಿಂದ ಯುಪಿಎಸ್‌ನ ಹಳೇ ಬ್ಯಾಟರಿಗೆ, 12 ವೋಲ್ಟ್ 26 ಆಂಪಿಯರ್ ಅವರ್. ಗುಡಿಸಲಿಗೆ 40 ಮೀಟರ್ ವಯರು. ರಾತ್ರಿ 8.20ಕ್ಕೆ ದೀಪ ಹತ್ತಿತು. ಮಾವ ದೀಪದ ಬುಡದಲ್ಲಿ ಕೂತು ಬಲೆ ಹೆಣೆದರು.

7. ಬೇರಿಂಗ್ ಹೋಯಿತು: ಫೆಬ್ರವರಿ 7

ಒಂಬತ್ತು ದಿನ. ಕೆಳಗಿನ ಬಾಲ್ ಬೇರಿಂಗ್ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಗಟ್ಟಿಯಾಯಿತು. ಗ್ರೀಸ್ ತುಂಬಿ, ರಬ್ಬರ್ ಸೀಲ್ ಇದೆ ಅಂತ ನಂಬಿ ಹಾಕಿದ್ದೆ. ನೀರಿನೊಳಗೆ, ಅದೂ ಕೆಸರು ನೀರಿನೊಳಗೆ, ಬಾಲ್ ಬೇರಿಂಗ್ ಇಡಲೇಬಾರದು. ದೋಣಿ ರಿಪೇರಿ ಮಾಡುವವರು ಇದನ್ನು ಕೇಳಿದ ಕೂಡಲೇ ಹೇಳಿದರು. ನಾನು ಮೊದಲೇ ಹೋಗಿ ಕೇಳಿರಲಿಲ್ಲ.

ಲೇತ್ ಅಂಗಡಿಯಲ್ಲಿ ನೈಲಾನ್ ಗುಂಡಿನಿಂದ ಬುಷ್, ಅಂದರೆ ಶಾಫ್ಟ್ ಕೂರುವ ಕೊಳವೆಯಂಥ ತುಂಡು, ಮಾಡಿಸಿದೆ. ಗ್ರೀಸ್ ಬೇಡ, ನೀರೇ ಎಣ್ಣೆ. 25 ಎಂಎಂ ಶಾಫ್ಟಿಗೆ 25.2 ಎಂಎಂ ತೂತು. ಕೈಯಲ್ಲಿ ಬೆಣ್ಣೆಯ ಹಾಗೆ ತಿರುಗುತ್ತಿತ್ತು. 10ರಂದು ಹಾಕಿದೆ. 12ರ ಹುಣ್ಣಿಮೆಗೆ, ನೀರು ಅತಿ ಜೋರಿದ್ದ ದಿನ, ಚಕ್ರ ಅಲುಗಲಿಲ್ಲ. ನೈಲಾನ್ ನೀರು ಕುಡಿದು ಉಬ್ಬುತ್ತದೆ. ತೂತು ಬಿಗಿದು ಶಾಫ್ಟನ್ನು ಕಚ್ಚಿ ಹಿಡಿದಿತ್ತು. ಬಿಚ್ಚಲು ಸುತ್ತಿಗೆ ಬೇಕಾಯಿತು. ಮತ್ತೆ ಲೇತಿಗೆ ಒಯ್ದು 25.6ಕ್ಕೆ ಕೊರೆಸಿದೆ. ಒಳಗೋಡೆಗೆ ಮೂರು ಉದ್ದ ಗೀರು ಹಾಕಿಸಿದೆ, ಮರಳು ಹೊರಗೆ ತೊಳೆದು ಹೋಗಲಿ ಅಂತ. ಈ ಬುಷ್ ಕೊನೆಯವರೆಗೂ ನಡೆಯಿತು. ನೀವು ಮಾಡುವುದಾದರೆ ನೈಲಾನ್ ತುಂಡನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿಟ್ಟು ಆಮೇಲೆ ಕೊರೆಸಿ.

8. ಕಸ

ಇದಕ್ಕೆ ತಾರೀಕು ಇಲ್ಲ, ದಿನಾ ಇದ್ದದ್ದು. ಹೊಳೆಯಿಂದ ಕಾಂಡ್ಲ (ಮ್ಯಾಂಗ್ರೋವ್) ಎಲೆ, ಪ್ಲಾಸ್ಟಿಕ್ ಚೀಲ, ತೆಂಗಿನ ಸಿಪ್ಪೆ ಬರುತ್ತವೆ. ಅದಕ್ಕೆ ಹೊಳೆಯ ಬದಿಗೆ ಜಾಲರಿ ಹಾಕಿದೆ. ಮೊದಲ ಇಳಿತಕ್ಕೇ ಚಕ್ರ ನಿಂತಿತು. ಕಗ್ಗ ಕೊಯ್ದ ಮೇಲೆ ಉಳಿದ ಹುಲ್ಲು ಗಜನಿಯೊಳಗೆ ಕೊಳೆಯುತ್ತಿರುತ್ತದೆ. ಇಳಿತದ ನೀರು ಅದನ್ನೆಲ್ಲ ಒಳಗಿನಿಂದ ತಂದು ಶಾಫ್ಟಿಗೆ ಸುತ್ತಿತ್ತು. ಎರಡು ಕಡೆ ಹರಿಯುವ ನೀರಿಗೆ ಎರಡು ಕಡೆಯೂ ಜಾಲರಿ ಬೇಕು. ಒಂದು ಒಳ್ಳೆಯದೂ ಇದೆ. ಭರತ ಹೊರ ಜಾಲರಿಗೆ ತಂದು ಅಂಟಿಸಿದ ಕಸವನ್ನು ಇಳಿತವೇ ಬಿಡಿಸಿಕೊಂಡು ಹೋಗುತ್ತದೆ. ಜಾಲರಿಯ ಸರಳನ್ನು ನಿಲುವಾಗಿ ಮಾತ್ರ ಇಟ್ಟರೆ, ಅಡ್ಡ ಸರಳು ಇಲ್ಲದಿದ್ದರೆ, ಅರ್ಧಕ್ಕಿಂತ ಜಾಸ್ತಿ ಕಸ ತಾನೇ ಹೋಗುತ್ತದೆ. ಸರಳಿನ ಅಂತರ 5 ಸೆಂ.ಮೀ. ಇಟ್ಟೆ. 3 ಇಟ್ಟಾಗ ಜಾಲರಿಯೇ ನೀರು ತಡೆಯುತ್ತಿತ್ತು.

9. ಲೆಕ್ಕ: ಫೆಬ್ರವರಿ 28, ಅಮಾವಾಸ್ಯೆಯ ಮರುದಿನ

ಒಂದು ಹಗಲು ಒಂದು ರಾತ್ರಿ ಅಲ್ಲೇ ಇದ್ದು ವಾಟ್ ಮೀಟರ್ ಓದಿದೆ. ಅತಿ ಜೋರಿದ್ದಾಗ ಚಕ್ರ 14.5 ಸುತ್ತು, ಮೋಟಾರಿನ ಡಬ್ಬಿ 130. ಬ್ಯಾಟರಿಗೆ 14.2 ವೋಲ್ಟ್, 1.7 ಆಂಪಿಯರ್. ಅಂದರೆ 24 ವಾಟ್. ಚಕ್ರದ ಎದುರಿನ ಅಷ್ಟು ನೀರಿನಲ್ಲಿ ಲೆಕ್ಕದ ಪ್ರಕಾರ 560 ವಾಟ್ ಹರಿಯುತ್ತಿತ್ತು. ನಾನು ಹಿಡಿದಿದ್ದು ನೂರಕ್ಕೆ ನಾಲ್ಕು. ಡ್ರಮ್ಮಿನ ಚಕ್ರ, ಎರಡು ಚೈನು, ಹಳೇ ಮೋಟಾರು, ಡಯೋಡು, ಒಬ್ಬೊಬ್ಬರೂ ತಮ್ಮ ಪಾಲು ತಿಂದ ಮೇಲೆ ಉಳಿದಿದ್ದು ಅಷ್ಟು.

ನಾಲ್ಕು ಹರಿವಿನಲ್ಲಿ ಬಂದಿದ್ದು 31, 24, 20 ಮತ್ತು 13 ವಾಟ್ ಅವರ್ (ಒಂದು ವಾಟ್ ಒಂದು ಗಂಟೆ ನಡೆದರೆ ಒಂದು ವಾಟ್ ಅವರ್). ಒಟ್ಟು 88. ನಮ್ಮ ಕಡಲಿನಲ್ಲಿ ದಿನದ ಎರಡು ಭರತ ಒಂದೇ ಸಮ ಇರುವುದಿಲ್ಲ, ಒಂದು ದೊಡ್ಡದು, ಒಂದು ಸಣ್ಣದು. ಕರೆಂಟಿನಲ್ಲೂ ಅದು ಹಾಗೇ ಕಂಡಿತು. ಚಾರ್ಜ್ ಆದ ಸಮಯ ಎಲ್ಲ ಸೇರಿ 6 ಗಂಟೆ 20 ನಿಮಿಷ. ಎರಡು ದೀಪ ಎಂಟು ಗಂಟೆ ಉರಿಸಲು 80 ಬೇಕು. ಸರಿ ಹೋಯಿತು. ಇನ್ನೊಂದು ಗಮನಿಸಿದ್ದು: ಕಡಲಿನ ಭರತದ ಹೊತ್ತಿಗೂ ಜಂತ್ರದ ಹೊತ್ತಿಗೂ ಮುಕ್ಕಾಲು ಗಂಟೆ ಅಂತರ ಇದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕೆಲವು ವಾರ ಜೋರು ಹರಿವು ದೀಪ ಹಚ್ಚುವ ಹೊತ್ತಿಗೇ ಸಿಗುತ್ತದೆ, ಕೆಲವು ವಾರ ಮಧ್ಯಾಹ್ನಕ್ಕೆ.

10. ಅಷ್ಟಮಿಯ ಕತ್ತಲೆ: ಮಾರ್ಚ್ 22

ಅಷ್ಟಮಿಯ ಆಸುಪಾಸು ನಾಲ್ಕು ದಿನ ಏನೂ ಬರಲಿಲ್ಲ. ಚಕ್ರ ತಿರುಗುತ್ತಿತ್ತು, ಆದರೆ ವೋಲ್ಟೇಜ್ ಬ್ಯಾಟರಿಗಿಂತ ಕಡಿಮೆ. ಚಕ್ರ 12 ಸುತ್ತು ದಾಟದೆ ಚಾರ್ಜೇ ಶುರುವಾಗುವುದಿಲ್ಲ. ಅಷ್ಟಮಿ ನೀರಿಗೆ 8 ಸುತ್ತು. ಮೂರನೇ ರಾತ್ರಿ ಬ್ಯಾಟರಿ 11.4ಕ್ಕೆ ಇಳಿದು ದೀಪ ಆರಿತು. ಲೆಡ್ ಬ್ಯಾಟರಿಯನ್ನು ಅಷ್ಟು ಇಳಿಸುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲ.

450 ರೂಪಾಯಿಯ ಬೂಸ್ಟ್ ಮಾಡ್ಯೂಲ್ ಹಾಕಿದೆ. 8 ವೋಲ್ಟಿನಿಂದಲೇ ಎತ್ತಿಕೊಂಡು 14ಕ್ಕೆ ಏರಿಸುತ್ತದೆ. ಏಪ್ರಿಲ್ 5ರ ಅಷ್ಟಮಿಗೆ ದಿನಕ್ಕೆ 12 ವಾಟ್ ಅವರ್ ಬಂತು. ಒಂದು ದೀಪ ಎರಡು ಗಂಟೆ. ಉಳಿದಿದ್ದು ಬ್ಯಾಟರಿಯಿಂದ. ಅಷ್ಟಮಿಯ ನಾಲ್ಕು ದಿನ ಒಂದೇ ದೀಪ ಎಂದು ಮಾವನೂ ನಾನೂ ಒಪ್ಪಿಕೊಂಡೆವು. ಇದಕ್ಕಿಂತ ಜಾಸ್ತಿ ಈ ನೀರಿನಿಂದ ತೆಗೆಯಲು ಆಗುವುದಿಲ್ಲ. ಒಂದು ನೆಮ್ಮದಿ ಅಂದರೆ ಅದು ಯಾವ ದಿನ ಅಂತ ಪಂಚಾಂಗ ನೋಡಿ ವರ್ಷ ಮುಂಚೆ ಹೇಳಬಹುದು.

11. ಉಪ್ಪು ಮತ್ತು ಚಿಪ್ಪು: ಏಪ್ರಿಲ್

ಏಪ್ರಿಲ್ ಎರಡನೇ ವಾರ ಚಕ್ರದ ವೇಗ 14.5ರಿಂದ 11ಕ್ಕೆ ಇಳಿದಿತ್ತು. ಎತ್ತಿ ನೋಡಿದರೆ ಡ್ರಮ್ಮಿನ ಒಳಗೆ ಹೊರಗೆ ಸಣ್ಣ ಬಿಳಿ ಚಿಪ್ಪುಜೀವಿಗಳು ದಟ್ಟವಾಗಿ ಅಂಟಿದ್ದವು. ಅಂಗೈ ಉಜ್ಜಿದರೆ ರಕ್ತ ಬರುವಷ್ಟು ಚೂಪು. ಕತ್ತಿಯ ಬೆನ್ನಿನಿಂದ ಕೆರೆದು ತೆಗೆಯಲು ಅರ್ಧ ದಿನ. ದೋಣಿಯವರು ಹೊಡೆಯುವ ತಾಮ್ರದ ಬಣ್ಣ ಹಚ್ಚಬಹುದಿತ್ತು. ಹಚ್ಚಲಿಲ್ಲ. ಅದು ಜೀವಿಗಳನ್ನು ಕೊಲ್ಲುವ ಬಣ್ಣ, ಒಳಗೆ ಸಿಗಡಿ ಇದೆ. ಬದಲಿಗೆ ಅಷ್ಟಮಿಯ ದಿನ, ಹೇಗೂ ಕರೆಂಟು ತೀರಾ ಕಡಿಮೆ ಬರುವ ದಿನ, ಚಕ್ರ ಎತ್ತಿ ಬಿಸಿಲಿಗೆ ಒಣಗಿಸುವ ಅಭ್ಯಾಸ ಮಾಡಿದೆವು. ಎರಡು ವಾರದ ಮರಿ ಚಿಪ್ಪುಗಳು ಒಣಗಿ ಪೊರಕೆಗೆ ಉದುರುತ್ತವೆ.

ತುಕ್ಕಿನದು ನನ್ನ ಇನ್ನೊಂದು ತಪ್ಪು. ಸ್ಟೇನ್‌ಲೆಸ್ ಶಾಫ್ಟನ್ನು ಕಬ್ಬಿಣದ ಬೋಲ್ಟಿನಿಂದ ಹಿಡಿದಿದ್ದೆ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ಮುಟ್ಟಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. 12 ಎಂಎಂ ಬೋಲ್ಟ್ ಎರಡೂವರೆ ತಿಂಗಳಿಗೆ ಪೆನ್ಸಿಲ್ ದಪ್ಪ ಆಗಿತ್ತು. ಒಂದು ಬೋಲ್ಟ್ ತುಂಡಾಗಿಯೇ ಹೋಗಿತ್ತು. ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಚೌಕಟ್ಟಿಗೆ ದೋಣಿಯವರು ಕಟ್ಟುವ ಜಿಂಕ್ ಗಟ್ಟಿ ಎರಡು ಬಿಗಿದೆ. ಒಟ್ಟು 970. ಒಂದು ತಿಂಗಳಲ್ಲಿ ಜಿಂಕ್ ಕಾಲು ಭಾಗ ಕರಗಿದೆ, ಬೋಲ್ಟುಗಳು ಹಾಗೇ ಇವೆ. ಶಾಫ್ಟಿನ ಮೇಲೆ, ಬುಷ್ ಕೂರುವ ಜಾಗದ ಅಂಚಿನಲ್ಲಿ, ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತಿವೆ. 304ರ ಬದಲು ಉಪ್ಪುನೀರನ್ನು ಹೆಚ್ಚು ತಡೆಯುವ 316 ಜಾತಿಯ ಸ್ಟೇನ್‌ಲೆಸ್ ಹಾಕಬೇಕಿತ್ತು.

12. ಖರ್ಚು

ಎರಡು ಡ್ರಮ್ 1,700. ಚೌಕಟ್ಟು 4,200. ಪ್ಲೈವುಡ್, ಬಣ್ಣ 1,400. ಶಾಫ್ಟ್ 1,850. ಬೇರಿಂಗ್ 760 (ಮೇಲಿನದು ಇನ್ನೂ ನಡೆಯುತ್ತಿದೆ). ನೈಲಾನ್ ಬುಷ್, ಎರಡು ಸಲದ ಲೇತ್ ಕೆಲಸ 850. ಹಬ್ ಮೋಟಾರ್ 2,600. ಚೈನು, ಹಲ್ಲುಗಾಲಿ 1,150. ರೆಕ್ಟಿಫೈಯರ್, ಕಂಟ್ರೋಲರ್, ಬೂಸ್ಟ್ ಮಾಡ್ಯೂಲ್ 1,220. ಬ್ಯಾಟರಿ 1,800. ವಯರ್ 1,600. ದೀಪ 400. ಜಾಲರಿ 1,100. ಬೋಲ್ಟ್, ಜಿಂಕ್ 970. ಮೂಲೆಯಲ್ಲಿರುವ ಆಲ್ಟರ್ನೇಟರ್ 900. ಒಟ್ಟು 22,500. ನನ್ನ ಕೂಲಿ, ಮಾವನ ಕೂಲಿ ಸೇರಿಸಿಲ್ಲ. ಮೊದಲ ಸಲವೇ ಸರಿ ಮಾಡಿದ್ದರೆ 20,000ದೊಳಗೆ ಆಗುತ್ತಿತ್ತು.

13. ಎತ್ತಿದ್ದು: 2025 ಮೇ 24

ಜೂನ್ ಮೊದಲ ವಾರ ಎತ್ತುವ ಲೆಕ್ಕ ಇತ್ತು. ಆ ವರ್ಷ ಮುಂಗಾರು ಬೇಗ, ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮಲ್ಲೂ ಮಳೆ ಹಿಡಿದಿತ್ತು, ಹೊಳೆಯಲ್ಲಿ ಕೆಂಪು ನೀರು, ಮರದ ಕೊಂಬೆಗಳು. ಮಳೆಯಲ್ಲೇ ಐದು ಜನ ಸೇರಿ ಚಕ್ರ, ಚೈನು, ಮೋಟಾರು ಎಲ್ಲ ಬಿಚ್ಚಿ ಗುಡಿಸಲಿಗೆ ಸಾಗಿಸಿದೆವು. ಹೊರ ಜಾಲರಿಯನ್ನು ಬಿಚ್ಚುವ ಮೊದಲೇ ಒಂದು ಕೊಂಬೆ ಬಂದು ಬಡಿದು ಮೂರು ಸರಳು ಬಗ್ಗಿದವು. ಮೋಟಾರಿನ ಮುಚ್ಚಳ ತೆಗೆದು ನೋಡಿದೆ. ನೀರು ಹೋಗಿಲ್ಲ, ನೈಲಾನ್ ಗೇರಿನ ಹಲ್ಲು ಒಂದು ಬದಿಗೆ ಸ್ವಲ್ಪ ಸವೆದಿದೆ. ಗ್ರೀಸ್ ಬದಲಿಸಿ ಕಟ್ಟಿಟ್ಟೆ.

ಮಳೆಗಾಲದಲ್ಲಿ ಜಂತ್ರ ಕಗ್ಗಕ್ಕೆ ಸೇರಿದ್ದು. ಉಪ್ಪುನೀರು ಒಳಗೆ ಬಾರದ ಹಾಗೆ ಹಲಗೆ ಹಾಕಿರುತ್ತಾರೆ, ನನಗೆ ಅಲ್ಲಿ ಕೆಲಸ ಇಲ್ಲ. ನವೆಂಬರ್‌ಗೆ ಮುಂಚೆ ಮೂರು ಕೆಲಸ ಬಾಕಿ. ಶಾಫ್ಟ್ 316ರಲ್ಲಿ ಮಾಡಿಸುವುದು. ಗೇರ್ ಇಲ್ಲದ ಹಬ್ ಮೋಟಾರ್ ಹುಡುಕಿ, ಕಡಿಮೆ ಸುತ್ತಿಗೇ ಜಾಸ್ತಿ ವೋಲ್ಟ್ ಬರುವಂತೆ ನಾನೇ ವೈಂಡಿಂಗ್ ಮಾಡುವುದು. ಆಗ ಒಂದು ಹಂತದ ಚೈನು ತೆಗೆದುಹಾಕಬಹುದು. ಮೂರನೆಯದು ಪಕ್ಕದ ಗಜನಿಯವರದ್ದು. ಅವರ ಜಂತ್ರ ಆರು ಅಡಿ ಅಗಲ, ಬಂದು ಅಳೆದು ಹೋಗು ಅಂದಿದ್ದಾರೆ. ಈ ಸಲ ತೆಂಗಿನ ಸಿಪ್ಪೆಯ ಜೊತೆ ಕಲ್ಲು ಕಟ್ಟಿದ ಬಾಟಲಿಯನ್ನೂ ಒಯ್ಯುತ್ತೇನೆ.